ಮತ್ತೆ ಒಂದನೇ ಸಂಚಿಕೆ

ಮಂಡಿಪೇಟೆಯ ಪ್ರೆಸ್ಸಿನ ಅಟ್ಟದಲ್ಲಿ
ನಾನೂರ ಹನ್ನೆರಡು ಸಂಚಿಕೆ, ಗೆದ್ದಲು ಓದಿ ಮುಗಿಸಿದ್ದು ಬಿಟ್ಟು.
ನಿಂತು ಏಳು ವರ್ಷವಾದ ಪತ್ರಿಕೆ.
ಸಾಹುಕಾರರ ಮೊಮ್ಮಗ ನಿಶ್ಚಿತ್ ಹೇಳಿದ:
‘ಎಲ್ಲಾ ಅಳಿಸೋಣ ಮೆಹರಕ್ಕ. ಮತ್ತೆ ಒಂದರಿಂದ.’

ಅಳಿಸೋದು ಅಂದರೆ ಬಾಯಿಮಾತೇ?
ಮೂವತ್ತೊಂದು ವರ್ಷ ಬಲೂನಿನೊಳಗೆ ಮಾತು ಬರೆದವಳು ನಾನು.
ಯಾರು ಸತ್ತರು, ಯಾರು ಸತ್ತಂತೆ ಮಾಡಿದರು,
ಉದ್ದ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಇದೆ.
ಕೀಲಿಕುಮಾರನಿಗೆ ಹೆತ್ತತಾಯಂದಿರೇ ಇಬ್ಬರು.
ಪದ್ಮರಾಜಯ್ಯನವರು ಬರೆಯುವಾಗ ಮಧುಗಿರಿಯಲ್ಲಿ ಬಳೆ ಮಾರುತ್ತಿದ್ದಳು;
ಅವರು ಸಂಬಳಕ್ಕೆ ಜಗಳವಾಡಿ ಹೋದ ಮೇಲೆ
ಬಂದ ಗುರುಸಿದ್ದಪ್ಪ ಅವಳನ್ನು ಪಾವಗಡದ ನರ್ಸು ಮಾಡಿದರು.
ಇನ್ನೂರ ಎಂಟರಲ್ಲಿ ಇಬ್ಬರೂ ಒಂದೇ ಪುಟದಲ್ಲಿ ಎದುರಾದರು.
ಯಾರೂ ಗಮನಿಸಲಿಲ್ಲ, ಶಿರಾದ ಒಬ್ಬ ಹುಡುಗನ ಹೊರತು.
ಕಾರ್ಡು ಬರೆದಿದ್ದ: ‘ಸ್ವಾಮಿ, ಯಾವ ಅಮ್ಮ?’

ಇನ್ನು ಅವನಿಗೆ ಶಕ್ತಿ ಬಂದದ್ದು.
ಗಡಿಯಾರದ ಫ್ಯಾಕ್ಟರಿ, ರಾತ್ರಿ ಪಾಳಿ, ಸಿಡಿಲು,
ಎದೆಗೆ ನೆಟ್ಟ ಸ್ಪ್ರಿಂಗು.
ಒಮ್ಮೆ ಕೀಲಿ ಕೊಟ್ಟರೆ ಊರೆಲ್ಲ ಹನ್ನೊಂದು ನಿಮಿಷ ನಿಲ್ಲುತ್ತಿತ್ತು:
ಭದ್ರಮ್ಮ ಛತ್ರದ ಸರ್ಕಲ್ಲಿನಲ್ಲಿ ಬಸ್ಸು,
ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲೆ ಆವಿ.
ಈಗ ಆ ಗೇಟಿಗೆ ಬೀಗ. ಓದುವ ಹುಡುಗನ ಮನೆಯಲ್ಲಿ
ಕೀಲಿ ಕೊಡುವಂಥದ್ದು ಒಂದೂ ಇಲ್ಲ.
‘ಮೊಬೈಲ್ ಚಾರ್ಜರ್ ಮಾಡೋಣ್ವಾ?’ ಅಂದ ಹೊಸ ಕಥೆಗಾರ.
ಯಾರೂ ನಗಲಿಲ್ಲ. ಅದೇ ಭಯವಾಯಿತು.

ನನ್ನ ಕೈಬರಹವನ್ನೇ ಫಾಂಟು ಮಾಡಿದ್ದಾರೆ.
ಚೆನ್ನಾಗಿದೆ, ನನಗಿಂತ ನೇರ.
ಆದರೆ ‘ಸತ್ತೆ’ ಅಂತ ಟೈಪು ಮಾಡಿದರೆ
ಒತ್ತು ಬಲೂನು ದಾಟಿ ಕೆಳಗಿನವನ ತಲೆಗೆ ಬೀಳುತ್ತದೆ.
ಅದನ್ನು ಎತ್ತಿ ಒಳಗಿಡಲು ನನ್ನನ್ನು ಕರೆಸಿದ್ದು.

ಕಷ್ಟ ಇರುವುದು ಜಾಲಿಮುಳ್ಳಿನ ವಿಷಯದಲ್ಲಿ.
ಇನ್ನೂರ ಹತ್ತೊಂಬತ್ತರಲ್ಲಿ ಅವಳು ಸತ್ತಳು.
ಆ ತಿಂಗಳೇ ಚಿತ್ರಗಾರ ಮೂಡ್ಲಗಿರಿಯಪ್ಪನವರ ಮಗಳು ಕೋಮಲಾ
ಜಿಲ್ಲಾಸ್ಪತ್ರೆಯ ಹದಿನಾಲ್ಕನೇ ಮಂಚದಲ್ಲಿ ಹೋಗಿದ್ದಳು.
ಅವರು ರಜೆ ಕೇಳಲಿಲ್ಲ. ಮುಖ ಬದಲಾಯಿಸಿದರು, ಅಷ್ಟೆ.
ಕೊನೆಯ ಏಳು ಪುಟ ಜಾಲಿಮುಳ್ಳಿಗೆ ಕೋಮಲಳ ಹಣೆ, ಹುಬ್ಬಿನ ಗಾಯ.
ಬಲೂನು ಖಾಲಿ. ‘ಏನು ಬರೀಲಿ ಸಾರ್?’ ಅಂದೆ.
‘ಬರೀಬೇಡ.’
‘ಮುದ್ರಾರಾಕ್ಷಸನ ಹಾವಳಿ, ಕ್ಷಮಿಸಿ’ ಎಂದು
ಮುಂದಿನ ತಿಂಗಳು ಸಾಹುಕಾರರು ಅಚ್ಚು ಹಾಕಿಸಿದರು.
ನಮ್ಮಲ್ಲಿ ಒಮ್ಮೆಯೂ ಸಾಯದ ಖಳ ಅವನೊಬ್ಬನೇ.

ಈಗ ಅವಳು ಬದುಕಬೇಕಂತೆ, ಮುಖಪುಟಕ್ಕೆ.
ಆ ಏಳು ಪುಟದ ಮುಖವೇ ಬೇಕಂತೆ.
ರುಜು ಹಾಕಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಶೆಟ್ಟಿಹಳ್ಳಿಯ ಮನೆ. ಅವರ ಕಣ್ಣಿಗೆ ಪೊರೆ.
ಕಾಗದವನ್ನು ಮೂಸುವಷ್ಟು ಹತ್ತಿರ ಹಿಡಿದರು.
‘ವಯಸ್ಸೆಷ್ಟು ಇಟ್ಟಿದಾರೆ?’
‘ಹತ್ತೊಂಬತ್ತು.’
ಬೆರಳಿನ ಗೆಣ್ಣುಗಳ ಮೇಲೆ ಏನೋ ಎಣಿಸಿದರು. ಇನ್ನೊಮ್ಮೆ ಎಣಿಸಿದರು.
‘ನಲವತ್ತೆರಡು ಆಗಬೇಕಲ್ಲಮ್ಮ ಈಗ.
ಕಿವಿ ಹತ್ತಿರ ಒಂದೆರಡು ನೆರೆ.
ಕನ್ನಡಕ, ಅವರಮ್ಮನಿಗೆ ಮೂವತ್ತೈದಕ್ಕೇ ಬಂದಿತ್ತು.
ಹಾಗೆ ಬರೆಯಲಿ, ರುಜು ಹಾಕ್ತೀನಿ.’

‘ನಲವತ್ತೆರಡರ ಹೆಂಗಸು ಗೋಡೆ ಹತ್ತಿದರೆ
ಯಾರು ಕೊಳ್ತಾರೆ ಮೆಹರಕ್ಕ?’ ಅಂದ ನಿಶ್ಚಿತ್.
ಐವತ್ತೆಂಟರ ನಾನು ಅಟ್ಟದ ಏಣಿಯ ಮೇಲಿದ್ದೆ ಆಗ,
ಬಾಯಲ್ಲಿ ಪೆನ್ಸಿಲ್ಲು. ಉತ್ತರ ಕೊಡಲಿಲ್ಲ.

ರುಜು ಇಲ್ಲದ ಕಾಗದ ಇನ್ನೂ ಚೀಲದಲ್ಲಿದೆ.
ಇವತ್ತು ಕಂಪ್ಯೂಟರಿನ ಹುಡುಗ ಮುಖಪುಟ ತೆರೆದು ಕೊಟ್ಟ.
ಹತ್ತೊಂಬತ್ತರ ಹುಡುಗಿ. ಹುಬ್ಬಿನ ಗಾಯವನ್ನು
ಯಾರೋ ಸ್ಕ್ಯಾನಿನ ಕೊಳೆಯೆಂದು ಒರೆಸಿದ್ದಾರೆ.
ತಲೆಯ ಮೇಲೆ ಬಲೂನು: ‘ಮತ್ತೆ ಬಂದೆ!’
ಟೈಪು ಮಾಡಿದೆ. ಎಂದಿನಂತೆ ಒತ್ತು
ಗೆರೆ ದಾಟಿ ಜಾರಿ, ಸರಿಯಾಗಿ
ಅವಳ ಎಡ ಹುಬ್ಬಿನ ಮೇಲೆ ನಿಂತಿತು.

ಎತ್ತಿ ಒಳಗಿಡಬೇಕಿತ್ತು.
ಇಡಲಿಲ್ಲ. ಮುಂದಿನ ತಿಂಗಳು
ಮುದ್ರಾರಾಕ್ಷಸನ ಹೆಸರಲ್ಲಿ ಕ್ಷಮೆ ಕೇಳಿಕೊಳ್ಳಲಿ.